ಕೊರಳು ಮುಟ್ಟಿ ಕಾಳು ಹಾಕು

ದೀಪ ಹಚ್ಚುವ ಹೊತ್ತಿಗೆ ನಮ್ಮ ಕೋಳಿಗಳು ಗೂಡಿಗೆ ಬರುತ್ತವೆ. ಒಂದೊಂದನ್ನೇ ಎತ್ತಿಕೊಂಡು, ಕೊರಳ ಬುಡದಲ್ಲಿ ಬಲಕ್ಕಿರುವ ಮೇವಿನ ಚೀಲವನ್ನು ಬೆರಳಿಂದ ಮುಟ್ಟಿ ನೋಡುತ್ತೇನೆ. ಲಿಂಬೆಹಣ್ಣಿನಷ್ಟು ಉಬ್ಬಿದ್ದರೆ ಅದು ಹೊರಗೇ ಹೊಟ್ಟೆ ತುಂಬಿಸಿಕೊಂಡು ಬಂದಿದೆ ಎಂದರ್ಥ. ಖಾಲಿ ಜೋಳಿಗೆಯ ಹಾಗೆ ಮೆತ್ತಗಿದ್ದರೆ ಅದಕ್ಕೆ ಕಾಳು ಬೇಕು.

ಇದನ್ನು ಕಲಿಸಿದವಳು ನಮ್ಮವ್ವ. "ಕೊರಳು ಮುಟ್ಟಿ ಕಾಳು ಹಾಕವ್ವಾ. ಹೊಟ್ಟಿ ತುಂಬಿದ ಕೋಳಿ ಮುಂದ ಚೆಲ್ಲಿದ್ರ ಗುಬ್ಬಿ ತಿಂತಾವು" ಅನ್ನುತ್ತಿದ್ದಳು. ಕೋಳಿ ಸಾಕಣೆಯ ಖರ್ಚಿನಲ್ಲಿ ನೂರಕ್ಕೆ 60ರಿಂದ 70 ರೂಪಾಯಿ ಮೇವಿಗೇ ಹೋಗುತ್ತದೆ. ಆ ಖರ್ಚನ್ನು ಹಿಡಿತದಲ್ಲಿಡುವ ಉಪಾಯ ಅವ್ವನ ಆ ಮಾತಿನಲ್ಲೇ ಇದೆ: ಹಿತ್ತಲು ಏನು ಕೊಟ್ಟಿದೆ ಎಂದು ಮೊದಲು ನೋಡು, ಅದು ಕೊಡದ್ದನ್ನಷ್ಟೇ ಕೊಂಡು ಹಾಕು.

ಬಾದಾಮಿ ತಾಲ್ಲೂಕಿನಲ್ಲಿ, ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯ ಊರು ನಮ್ಮದು. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಕಟ್ಟಿದ ಆ ಮಂದಿರದಲ್ಲಿ ಗೋಶಾಲೆಯ ಸಗಣಿ ವಿಭೂತಿಯಾಗುತ್ತದೆ. ಅಲ್ಲಿಯ ಆಚಾರ ಬೇರೆ, ಕೋಳಿ ಸಾಕುವ ನಮ್ಮ ಮನೆಯ ರೂಢಿ ಬೇರೆ. ಆದರೂ ಯಾವುದನ್ನೂ ಕಸವೆಂದು ಎಸೆಯಬಾರದೆಂಬ ಬುದ್ಧಿ ನನಗೆ ಬಂದದ್ದು ಚಿಕ್ಕಂದಿನಲ್ಲಿ ಆ ವಿಭೂತಿ ಗಟ್ಟಿಗಳನ್ನು ನೋಡಿಯೇ.

ನನ್ನ ಹಿತ್ತಲಲ್ಲಿ ಹನ್ನೆರಡು ಜವಾರಿ ಹ್ಯಾಟೆ, ಎರಡು ಹುಂಜ, ನಾಲ್ಕು ಗಿರಿರಾಜ, ಐದು ಬಾತುಕೋಳಿ, ಮೂರು ಗಿನಿಕೋಳಿ ಇವೆ. ಹೀಗೆ ಮನೆಯ ಹಿಂದೆ ಸಾಕಿದ ಕೋಳಿಗಳೇ 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 31 ಕೋಟಿಗೂ ಹೆಚ್ಚು. ಇವುಗಳನ್ನು ಸಾಕುವವರಲ್ಲಿ ಬಹಳಷ್ಟು ಮಂದಿ ನನ್ನಂಥ ಹೆಣ್ಣುಮಕ್ಕಳು. ಅವರಿಗಾಗಿಯೇ ಈ ಲೆಕ್ಕ ಬರೆಯುತ್ತಿದ್ದೇನೆ.

ಬೆಳೆದ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು ಬೇಕು. ಮಳೆಗಾಲದಲ್ಲಿ ಅದರ ಅರ್ಧಕ್ಕಿಂತ ಹೆಚ್ಚನ್ನು ತಿಪ್ಪೆಯ ಹುಳ, ಮಿಡತೆ, ಎಳೆ ಹುಲ್ಲು, ಹುಲ್ಲಿನ ಬೀಜಗಳೇ ಕೊಡುತ್ತವೆ. ಆಗ ಸಂಜೆ ತಲೆಗೊಂದು ಹಿಡಿ ಸಾಕು. ನನ್ನ ಹಿಡಿಯಲ್ಲಿ 40 ಗ್ರಾಂ ಹಿಡಿಯುತ್ತದೆ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ. ಬಿಳಿಜೋಳದ ಸುಗ್ಗಿಯಲ್ಲಿ ಕಣದಲ್ಲಿ ಉದುರಿದ ಕಾಳೇ ಸಾಕಷ್ಟಾಗುತ್ತದೆ. ಕಷ್ಟವೇನಿದ್ದರೂ ಯುಗಾದಿಯ ನಂತರ. ಹುಲ್ಲು ಒಣಗುತ್ತದೆ, ಹುಳ ನೆಲದಾಳಕ್ಕೆ ಇಳಿಯುತ್ತದೆ. ಆಗ ತಲೆಗೆ ಎರಡು ಹಿಡಿ ಬೇಕು, ಅದೂ ಬಿಸಿಲೇರುವ ಮೊದಲು ಒಂದು, ತಂಪಾದ ಮೇಲೆ ಒಂದು. ಮಧ್ಯಾಹ್ನದ ಸೆಕೆಯಲ್ಲಿ ಕೋಳಿ ತಿನ್ನುವುದಿಲ್ಲ. ಆ ಹೊತ್ತಿಗೆ ಅದಕ್ಕೆ ನೆರಳು ಬೇಕು, ತಣ್ಣೀರು ಬೇಕು.

ಬರೇ ಜೋಳ ಹಾಕಿದರೆ ಹೊಟ್ಟೆ ತುಂಬುತ್ತದೆ, ತತ್ತಿ ಮಾತ್ರ ಬರುವುದಿಲ್ಲ. ಜೋಳದಲ್ಲಿ ಪ್ರೊಟೀನು ನೂರಕ್ಕೆ ಹತ್ತರಷ್ಟು. ತತ್ತಿ ಇಡುವ ಕೋಳಿಗೆ 16ರಿಂದ 18 ಬೇಕು. ಅದಕ್ಕೇ ನಮ್ಮ ಸೀಮೆಯ ಹಿಂಡಿ. ಹತ್ತು ಕಿಲೋ ಮಿಶ್ರಣಕ್ಕೆ ನಾನು ಜೋಳ, ಸಜ್ಜೆ, ಗೋವಿನಜೋಳದ ನುಚ್ಚು ಸೇರಿಸಿ ಐದೂವರೆ ಕಿಲೋ, ತೌಡು ಎರಡು ಕಿಲೋ, ಶೇಂಗಾ ಹಿಂಡಿ ಒಂದೂವರೆ ಕಿಲೋ, ಸೂರ್ಯಪಾನ ಹಿಂಡಿ ಒಂದು ಕಿಲೋ, ಉಪ್ಪು 30 ಗ್ರಾಂ ಹಾಕುತ್ತೇನೆ. ಪ್ರೊಟೀನು ಸುಮಾರು 17ಕ್ಕೆ ಬರುತ್ತದೆ. ಶೇಂಗಾದಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಅಂಶ ಸೂರ್ಯಪಾನದಲ್ಲಿ ಇದೆ. ಅದಕ್ಕಾಗಿ ಎರಡು ಹಿಂಡಿ ಕೂಡಿಸುವುದು. ಬಾತುಕೋಳಿಗೆ ಕೋಳಿಗಿಂತ ಹೆಚ್ಚು ನಯಾಸಿನ್ ಬೇಕು, ಇಲ್ಲದಿದ್ದರೆ ಮರಿಗಳ ಕಾಲು ಸೊಟ್ಟಗಾಗುತ್ತವೆ. ತೌಡು ಅದನ್ನೂ ಕೊಡುತ್ತದೆ. ಅಜೋಲಾ ಬೆಳೆಸಿದರೆ ಒಳ್ಳೆಯದೇ, ಆದರೆ ಹಸಿ ಅಜೋಲಾದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನೀರು. ಅದು ಸೊಪ್ಪಿನ ಜಾಗ ತುಂಬುತ್ತದೆ, ಹಿಂಡಿಯ ಜಾಗವನ್ನಲ್ಲ.

ಬೇರೆ ಬೇರೆ ಜಾತಿ, ಬೇರೆ ಬೇರೆ ವಯಸ್ಸು ಕೂಡಿದ ಗುಂಪಿಗೆ ಅಂಗಡಿಯ ಲೇಯರ್ ಫೀಡ್ ಸರಿಹೋಗುವುದಿಲ್ಲ. ಅದರಲ್ಲಿ ಕ್ಯಾಲ್ಸಿಯಂ ನೂರಕ್ಕೆ ಮೂರೂವರೆ, ನಾಲ್ಕರಷ್ಟು ಇರುತ್ತದೆ. ಮರಿಗೆ ಒಂದರಷ್ಟು ಸಾಕು, ಹೆಚ್ಚಾದರೆ ಮೂತ್ರಪಿಂಡ ಕೆಡುತ್ತದೆ. ಹಾಗೆಂದು ಒಂದು ತತ್ತಿಯ ಚಿಪ್ಪಿಗೇ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಹೋಗುವಾಗ ಹ್ಯಾಟೆಗೆ ಕೊಡದೇ ಇರಲಾಗದು. ಇದಕ್ಕೆ ದಾರಿ ಸುಲಭವಿದೆ. ಮಿಶ್ರಣ ಎಲ್ಲಕ್ಕೂ ಒಂದೇ ಇರಲಿ, ಚಿಪ್ಪಿನ ಪುಡಿ ಮಾತ್ರ ಬೇರೆ ಬಟ್ಟಲಲ್ಲಿ ಇರಲಿ. ಮನೆಯ ತತ್ತಿಯ ಚಿಪ್ಪನ್ನು ಹಂಚಿನ ಮೇಲೆ ಹುರಿದು, ಗುರುತು ಸಿಗದಂತೆ ಕುಟ್ಟಿ ಇಡುತ್ತೇನೆ. ಗುರುತು ಸಿಕ್ಕರೆ ತಮ್ಮ ತತ್ತಿಯನ್ನೇ ಕುಕ್ಕುವ ಚಟ ಹತ್ತುತ್ತದೆ. ತತ್ತಿ ಇಡುವ ಹ್ಯಾಟೆ ತಾನಾಗಿಯೇ ಬಂದು ಬೇಕಾದಷ್ಟು ತಿನ್ನುತ್ತದೆ. ಹುಂಜ ಆ ಬಟ್ಟಲ ಕಡೆ ಹೆಚ್ಚು ಹೋಗುವುದಿಲ್ಲ.

ಮರಿಗಳಿಗೆ ಬಿದಿರ ಬುಟ್ಟಿಯೇ ಕಾವಲು. ಒಂದು ಬದಿಗೆ ಮರಿ ನುಸುಳುವಷ್ಟು ಸಂದು ಬಿಡಿಸಿ, ಬೋರಲು ಹಾಕಿ, ಒಳಗೆ ಮೇವಿಡುತ್ತೇನೆ. ದೊಡ್ಡವು ಹೊರಗೆ ಸುತ್ತುತ್ತವೆ, ಮರಿಗಳು ನೆಮ್ಮದಿಯಿಂದ ತಿನ್ನುತ್ತವೆ. ಮರಿಗೆ ಮೊದಲ ಎರಡು ತಿಂಗಳು ಪ್ರೊಟೀನು 20ರಷ್ಟಾದರೂ ಬೇಕು, ಗಿನಿಕೋಳಿಯ ಮರಿಗೆ ಇನ್ನೂ ಹೆಚ್ಚು. ಅದಕ್ಕಾಗಿ ಹಳೆಯ ಗಡಿಗೆಯಲ್ಲಿ ಸಗಣಿ, ಜೋಳದ ದಂಟಿನ ಚೂರು ತುಂಬಿ, ನೀರು ಚಿಮುಕಿಸಿ, ಸಂಜೆ ಒರಲಿ ಹಿಡಿದ ಬದುವಿನ ಮೇಲೆ ಬೋರಲಿಡುತ್ತೇನೆ. ಬೆಳಗಾಗುವಷ್ಟರಲ್ಲಿ ಗಡಿಗೆ ತುಂಬ ಒರಲಿ. ಆಫ್ರಿಕದ ಬುರ್ಕಿನಾ ಫಾಸೊದಲ್ಲೂ ಹಳ್ಳಿಯವರು ಹೀಗೇ ಮಾಡುತ್ತಾರೆ. ಪಂಚಮಿಗೆ ಹಾಲೆರೆಯುವ ಹುತ್ತಕ್ಕೆ ಮಾತ್ರ ನಾನು ಕೈ ಹಚ್ಚುವುದಿಲ್ಲ.

ಇಷ್ಟೆಲ್ಲ ಉಳಿತಾಯದಲ್ಲಿ ಒಂದು ಕಡೆ ನಾನು ದಾರಿ ತಪ್ಪಿದೆ. ಒಂದು ಮಳೆಗಾಲ ಅರ್ಧ ಬೆಲೆಗೆ ಸಿಕ್ಕಿತೆಂದು ಚೀಲ ಶೇಂಗಾ ಹಿಂಡಿ ತಂದೆ. ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ವಾರ ಕಳೆಯುವಷ್ಟರಲ್ಲಿ ಬಾತುಕೋಳಿಗಳು ಮೇವು ಬಿಟ್ಟವು, ರೆಕ್ಕೆ ಜೋಲಿಸಿ ಕೂತವು, ಒಂದರ ಹಿಂದೊಂದು ಆಗಿದ್ದ ಐದೂ ಸತ್ತವು. ಕೋಳಿಗಳು ಉಳಿದವು, ತತ್ತಿ ಅರ್ಧಕ್ಕೆ ಇಳಿಯಿತು. ಪಶುವೈದ್ಯರು ಚೀಲದಿಂದ ಒಂದು ಗಟ್ಟಿ ತೆಗೆದು ನನ್ನೆದುರೇ ಒಡೆದರು. ಒಳಗೆ ಹಸಿರು ಬೂಷ್ಟು. ಅಫ್ಲಾಟಾಕ್ಸಿನ್ ಎಂಬ ಆ ವಿಷವನ್ನು ಬಾತುಕೋಳಿ, ಟರ್ಕಿ ಕೋಳಿ ತಡೆಯಲಾರವು, ಹುರಿದರೂ ಅದು ಹೋಗುವುದಿಲ್ಲ ಎಂದು ತಿಳಿಸಿ ಹೇಳಿದರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿ ತಿಂದು ಸತ್ತಿದ್ದವಂತೆ. ಆ ವಿಷವನ್ನು ಜಗತ್ತು ಗುರುತಿಸಿದ್ದೇ ಆ ಸಾವುಗಳಿಂದ.

ಅಂದಿನಿಂದ ಹದಿನೈದು ದಿನಕ್ಕೆ ಬೇಕಾದಷ್ಟೇ ಹಿಂಡಿ ತರುತ್ತೇನೆ. ಚೀಲವನ್ನು ನೆಲದ ಮೇಲಿಡದೆ ಹಲಗೆಯ ಮೇಲಿಡುತ್ತೇನೆ. ಕಾಳನ್ನು ಹಲ್ಲಲ್ಲಿ ಕಡಿದು ನೋಡುತ್ತೇನೆ. ಕಟ್ ಎಂದರೆ ಒಣಗಿದೆ, ಮೆತ್ತಗಾದರೆ ಇನ್ನೊಂದು ಬಿಸಿಲು ಬೇಕು. ಹಿಂಡಿಯ ಒಂದೊಂದು ಗಟ್ಟಿಯನ್ನೂ ಒಡೆದು, ಮೂಸಿ, ಬೆಳಕಿಗೆ ಹಿಡಿದು ನೋಡದೆ ಮಿಶ್ರಣಕ್ಕೆ ಹಾಕುವುದಿಲ್ಲ. ಅನುಮಾನ ಬಂದದ್ದನ್ನು ಹಸು, ಎಮ್ಮೆಗೂ ಹಾಕದೆ ಮಣ್ಣಿನಲ್ಲಿ ಹೂಳುತ್ತೇನೆ. ಯಾವುದನ್ನೂ ಕಸವೆನ್ನಬಾರದೆಂದು ಕಲಿತ ನಾನು ಕೈಯಾರೆ ಎಸೆಯುವುದು ಇದೊಂದನ್ನೇ.