ಬಾಯಿ ಹೇಳದ್ದನ್ನು ಬೆರಳಲ್ಲಿ ಹುಡುಕಿದವರು

ಅಮೆರಿಕದಲ್ಲಿ ಚೀನೀಯರೆಂದರೆ ತಾತ್ಸಾರವಿದ್ದ ಕಾಲ. 1930ರ ದಶಕದ ಆರಂಭದಲ್ಲಿ ಸಮಾಜಶಾಸ್ತ್ರಜ್ಞ ರಿಚರ್ಡ್ ಲಾಪಿಯರ್ ಚೀನೀ ದಂಪತಿಯನ್ನು ಜೊತೆಗಿಟ್ಟುಕೊಂಡು ಕಾರಿನಲ್ಲಿ ಆ ದೇಶ ಸುತ್ತಿದರು. 251 ಹೋಟೆಲು, ವಸತಿಗೃಹಗಳ ಪೈಕಿ ಒಂದೇ ಒಂದು ಕಡೆ ಅವರನ್ನು ಸೇರಿಸಲಿಲ್ಲ. ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆ ‘ಚೀನೀಯರನ್ನು ಸೇರಿಸುತ್ತೀರಾ?’ ಎಂದು ಪತ್ರ ಬರೆದರೆ, ಉತ್ತರಿಸಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ‘ಇಲ್ಲ’ ಎಂದರು. ಹೇಳುವುದೊಂದು, ಮಾಡುವುದೊಂದು ಎಂಬುದು 1934ರಲ್ಲೇ ಅಚ್ಚಾಯಿತು.

ಮುಂದೆ ನಾಗರಿಕ ಹಕ್ಕುಗಳ ಚಳವಳಿ ಬಂತು. ಜನಾಂಗದ್ವೇಷವನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವವರು ಕಡಿಮೆಯಾದರು. ತಾರತಮ್ಯ ಮಾತ್ರ ಹೋಗಲಿಲ್ಲ. ಪ್ರಶ್ನಾವಳಿ ಇನ್ನು ಸಾಲದು ಎಂದು ಸಂಶೋಧಕರಿಗೆ ಅನಿಸಿದ್ದು ಸಹಜವೇ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಂಟನಿ ಗ್ರೀನ್‌ವಾಲ್ಡ್ ಗಡಿಯಾರದ ಮೊರೆಹೋದರು. ಪರದೆಯ ಮೇಲೆ ಒಂದೊಂದೇ ಪದ ಬರುತ್ತದೆ. ಹೂವಿನ ಹೆಸರು ಅಥವಾ ಹಿತವಾದ ಪದ ಬಂದರೆ ಎಡಗೈ ಕೀಲಿ, ಕೀಟದ ಹೆಸರು ಅಥವಾ ಅಹಿತ ಪದ ಬಂದರೆ ಬಲಗೈ ಕೀಲಿ. ಬೆರಳುಗಳು ಸರಾಗ ಓಡುತ್ತವೆ. ಈಗ ಜೋಡಿ ಬದಲಿಸಿ: ಕೀಟಕ್ಕೂ ಹಿತವಾದ ಪದಕ್ಕೂ ಒಂದೇ ಕೀಲಿ. ಬೆರಳು ತಡವರಿಸುತ್ತದೆ, ತಪ್ಪುಗಳು ಹೆಚ್ಚುತ್ತವೆ. ಮಿಲಿಸೆಕೆಂಡುಗಳ ಆ ವ್ಯತ್ಯಾಸವೇ ಅಳತೆ. ಹೂವು–ಕೀಟಗಳ ಜಾಗದಲ್ಲಿ ಬಿಳಿಯರ, ಕರಿಯರ ಹೆಸರುಗಳನ್ನಿಟ್ಟಾಗ ಗ್ರೀನ್‌ವಾಲ್ಡ್ ಅವರ ಬೆರಳೂ ತಡವರಿಸಿತು. ಕರಿಯರ ಹೆಸರಿಗೆ ಹಿತವಾದ ಪದ ಜೊತೆಯಾದಾಗ ತಾವು ನಿಧಾನವಾದದ್ದು ಕಂಡು ಅವರು ಕಂಗೆಟ್ಟರು. ಡೆಬ್ಬಿ ಮೆಕ್‌ಘೀ, ಜೋರ್ಡನ್ ಶ್ವಾರ್ಟ್ಸ್ ಜೊತೆ ಅವರು 1998ರಲ್ಲಿ ಪ್ರಕಟಿಸಿದ ಈ ವಿಧಾನವೇ ‘ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್’.

ಅದನ್ನು ಜನರ ಬಳಿಗೆ ಒಯ್ದವರಲ್ಲಿ ಸಿಕಂದರಾಬಾದಿನ ಮಹಜರೀನ್ ಬನಾಜಿ ಪ್ರಮುಖರು. ದೆಹಲಿಯಿಂದ ಊರಿಗೆ ಮರಳುವಾಗ ರೈಲು ನಿಲ್ದಾಣದಲ್ಲಿ ಅಗ್ಗಕ್ಕೆ ಸಿಕ್ಕ ಸಾಮಾಜಿಕ ಮನೋವಿಜ್ಞಾನದ ಐದು ಸಂಪುಟಗಳೇ ಅವರನ್ನು ಈ ದಾರಿಗೆ ತಂದವು. ಗ್ರೀನ್‌ವಾಲ್ಡ್, ಬ್ರಯಾನ್ ನೊಸೆಕ್ ಜೊತೆಗೂಡಿ ಅವರು ಪರೀಕ್ಷೆಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು.

ಕಂಪನಿಗಳು ಇದನ್ನು ತರಬೇತಿಗೆ ಎಳೆದುಕೊಂಡಾಗ ಎಡವಟ್ಟಾಯಿತು. ಒಬ್ಬನೇ ವ್ಯಕ್ತಿ ಮತ್ತೊಮ್ಮೆ ಕೂತರೆ ಅಂಕ ಬೇರೆ ಬರಬಹುದು. ಅಂಕಕ್ಕೂ ನಡವಳಿಕೆಗೂ ಇರುವ ನಂಟು ತೆಳುವಾದದ್ದು. ಇದನ್ನು ಹಿಡಿದು ಯಾರನ್ನಾದರೂ ‘ಪೂರ್ವಗ್ರಹಿ’ ಎಂದು ಕರೆಯುವುದು ಅನ್ಯಾಯ ಎಂದೇ ನನ್ನ ನಂಬಿಕೆ. ಇದರ ನಿಜವಾದ ಬೆಲೆ ಸಮೂಹದ ಲೆಕ್ಕದಲ್ಲಿದೆ. ಟೆಸ್ಸಾ ಚಾರ್ಲ್ಸ್‌ವರ್ತ್ ಮತ್ತು ಬನಾಜಿ 2007ರಿಂದ 2016ರವರೆಗಿನ 40 ಲಕ್ಷಕ್ಕೂ ಹೆಚ್ಚು ಪರೀಕ್ಷೆಗಳನ್ನು ಜಾಲಾಡಿದಾಗ, ಸಲಿಂಗಿಗಳ ಬಗೆಗಿನ ಒಳಮನಸ್ಸಿನ ಅಸಡ್ಡೆ ಸುಮಾರು ಮೂರನೇ ಒಂದು ಪಾಲು ಇಳಿದಿತ್ತು. ಜನಾಂಗದ ವಿಷಯದಲ್ಲೂ ಇಳಿಕೆ ಕಂಡಿತು. ವೃದ್ಧರು, ಅಂಗವಿಕಲರು, ದಪ್ಪ ಮೈಯವರ ವಿಷಯದಲ್ಲಿ ಅಂಥ ಇಳಿಕೆ ಕಾಣಲಿಲ್ಲ.