ಕೂಡಿದ್ದೆಲ್ಲ ತಾಳುವುದಿಲ್ಲ

ಟ್ರ್ಯಾಕ್ಟರಿನ ಮುಂದೆ ಲೋಡರ್ ಕೂಡಿಸಿಕೊಂಡ ರೈತನಿಗೆ ತಿಪ್ಪೆಗೊಬ್ಬರ ತುಂಬಲು ಬುಟ್ಟಿ ಹೊರುವವರನ್ನು ಹುಡುಕುವ ಚಿಂತೆಯಿಲ್ಲ. ಆದರೆ ಅಷ್ಟು ದೊಡ್ಡ ಯಂತ್ರವನ್ನು ಹೆಬ್ಬೆರಳಿನಷ್ಟು ಕಬ್ಬಿಣದ ತುಂಡೊಂದು ನಿಲ್ಲಿಸಿಬಿಡಬಲ್ಲದು. ಸಿಲಿಂಡರಿನ ಬಾಯಿಗೂ ಹೋಸ್ ಪೈಪಿಗೂ ನಡುವೆ ಇರುವ ಎಲ್ಬೋ ಮುರಿದರೆ ಎಣ್ಣೆ ನೆಲಕ್ಕೆ ಚೆಲ್ಲುತ್ತದೆ. ತಡೆಕವಾಟವಿಲ್ಲದ ಲೋಡರ್ ಆಗಿದ್ದರೆ ಎತ್ತಿದ ಬಕೆಟ್ ಆ ಕ್ಷಣವೇ ಕುಸಿಯುತ್ತದೆ. ಮಳೆ ಹತ್ತಿರವಾಗಿದೆ, ಬಾಡಿಗೆಯ ಟ್ರೇಲರ್ ಕಾದು ನಿಂತಿದೆ. ಅಕ್ಕಲಕೋಟ, ಜತ್ತ ಸೀಮೆಯ ಹಳ್ಳಿಯವನಿಗೆ ಇಂಥ ಬಿಡಿಭಾಗಕ್ಕಾಗಿ ಸೊಲ್ಲಾಪುರಕ್ಕೋ ವಿಜಯಪುರಕ್ಕೋ ಹೋಗಿಬರುವುದೆಂದರೆ ಒಂದು ದಿನದ ಕೆಲಸ ಹೋದಂತೆಯೇ. ಊರಿನಲ್ಲಿಯೇ ನಳದ ಸಾಮಾನು ಮಾರುವ ಅಂಗಡಿಯಿದೆ. ಅಲ್ಲಿಯ ಅರ್ಧ ಇಂಚಿನ ನಿಪ್ಪಲ್ ತಂದು ತಿರುಗಿಸಿದರೆ ಅದು ಕೈಯಿಂದಲೇ ಸಲೀಸಾಗಿ ಒಳಗೆ ಹೋಗುತ್ತದೆ. ಪಾನಾ ಹಾಕಿ ಬಿಗಿದರೆ ಕೆಲಸ ಮುಗಿಯಿತೆಂದು ಅನಿಸುತ್ತದೆ. ಅಪಾಯವಿರುವುದು ಇಲ್ಲಿಯೇ.

ಅದು ಕೂಡುವುದು ಆಕಸ್ಮಿಕವಲ್ಲ. ನಮ್ಮ ದೇಶದ ನೀರಿನ ಕೊಳವೆಗಳ ಥ್ರೆಡ್ ಮೂಲತಃ ಬ್ರಿಟಿಷ್ ಪೈಪ್ ಅಳತೆಯದು. ಇಲ್ಲಿ ಬಳಕೆಯಲ್ಲಿರುವ ಅನೇಕ ಹೈಡ್ರಾಲಿಕ್ ಜೋಡಣೆಗಳೂ ಅದೇ ವಂಶಕ್ಕೆ ಸೇರಿದವು. ವಂಶ ಒಂದಾದರೂ ಬಲ ಒಂದಲ್ಲ. ಹತ್ತು ಮೀಟರ್ ಎತ್ತರದ ಟಾಕಿಯ ನೀರು ಕೆಳಗಿನ ನಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಹಾಕುತ್ತದೆ. ಕಾರಿನ ಗಾಲಿಯಲ್ಲಿರುವುದು ಸುಮಾರು 2 ಕಿಲೋ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪಂಪಾದರೋ ಸಾಮಾನ್ಯವಾಗಿ 150ರಿಂದ 200 ಕಿಲೋವರೆಗೆ ಒತ್ತುತ್ತದೆ. ನೀರಿಗಾಗಿ ಎರಕ ಹೊಯ್ದ ತುಂಡು ನಾಲ್ಕು ಬುಟ್ಟಿ ಗೊಬ್ಬರ ಎತ್ತುವವರೆಗೆ ತಡೆದೀತು. ಬಕೆಟ್ ಬಂಡೆಗೆ ಸಿಕ್ಕಿ ಒತ್ತಡ ಏರಿದ ಗಳಿಗೆಯಲ್ಲಿ ಸಿಡಿದರೆ, ಅದರ ಕೆಳಗೆ ಯಾರು ನಿಂತಿರುತ್ತಾರೆಂಬುದನ್ನು ಹೇಳಲು ಬಾರದು.

ಮಾಲೀಕರು ಒಂದು ಮಾತನ್ನು ತಿಳಿದಿರುವುದು ಮೇಲು. ಟ್ರ್ಯಾಕ್ಟರಿನಿಂದ ನಡೆಯುವ ಬೇಸಾಯದಲ್ಲಿ ದುಡಿಯುವ ಆಳು 1923ರ ನಷ್ಟಪರಿಹಾರ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿಯೇ ಸೇರಿದ್ದನು. ಹೊಲದ ಕೆಲಸಕ್ಕೆ ಕಾನೂನಿನ ಗೊಡವೆಯಿಲ್ಲವೆಂಬ ನಂಬಿಕೆ ಹಳೆಯದು, ಆದರೆ ನಿಜವಲ್ಲ.

ಮುರಿದ ತುಂಡಿನ ಜಾತಿಯನ್ನು ಗುರುತಿಸುವುದೇ ಈ ದುರಸ್ತಿಯ ನಿಜವಾದ ಶ್ರಮ. ‘ಅರ್ಧ ಇಂಚು’ ಎಂದು ಕೇಳಿದರೆ ಸಾಲದು. ಬ್ರಿಟಿಷ್ ಅಳತೆಯ ಅರ್ಧ ಇಂಚಿನ ಥ್ರೆಡ್ಡಿನ ಹೊರ ವ್ಯಾಸ ಸುಮಾರು 21 ಮಿಲಿಮೀಟರ್. ಅಲ್ಲಿ ಅರ್ಧ ಇಂಚು ಎಂಬುದು ಹಳೆಯ ಕೊಳವೆಯ ಒಳರಂಧ್ರದಿಂದ ಬಂದ ಹೆಸರು ಮಾತ್ರ. ಇದಕ್ಕೆ ಇಂಚಿಗೆ 14 ಸುತ್ತು. ಅಮೆರಿಕದ ಪೈಪ್ ಅಳತೆಯ ಅರ್ಧ ಇಂಚಿಗೂ 14 ಸುತ್ತೇ. ಆದರೆ ಮೊದಲನೆಯದರ ಹಲ್ಲಿನ ಕೋನ 55 ಡಿಗ್ರಿ, ಎರಡನೆಯದರದು 60 ಡಿಗ್ರಿ. ಒಂದರೊಳಗೆ ಇನ್ನೊಂದು ಕೆಲವು ಸುತ್ತು ಹೋಗಿ ಬಿಗಿಯುತ್ತದೆ. ಆ ಬಿಗಿತವನ್ನೇ ಗಟ್ಟಿತನವೆಂದು ತಿಳಿಯುವವರು ಬಹಳ. ಆದ್ದರಿಂದ ಮುರಿದ ತುಂಡುಗಳೆರಡನ್ನೂ, ಸಾಧ್ಯವಾದರೆ ಹೋಸ್ ಸಹಿತವಾಗಿ, ಹೈಡ್ರಾಲಿಕ್ ಸಾಮಾನಿನ ಅಂಗಡಿಗೆ ಒಯ್ಯಬೇಕು. ವ್ಯಾಸವನ್ನು ವರ್ನಿಯರ್‌ನಿಂದಲೂ ಸುತ್ತುಗಳನ್ನು ಥ್ರೆಡ್ ಗೇಜಿನಿಂದಲೂ ಅಳೆಯಿಸಬೇಕು. ಒಳಮುಖ ಶಂಕುವಿನಂತಿದೆಯೋ, ವಾಷರ್ ಕೂರುವಂತೆ ಸಪಾಟಾಗಿದೆಯೋ ಎಂಬುದನ್ನೂ ನೋಡಿಸಬೇಕು. ನೇರ ಥ್ರೆಡ್ಡಿನ ಜೋಡಣೆಯಲ್ಲಿ ಎಣ್ಣೆಯನ್ನು ತಡೆಯುವುದು ಆ ಶಂಕು ಅಥವಾ ರಬ್ಬರ್ ಅಂಚಿನ ವಾಷರೇ ಹೊರತು ಥ್ರೆಡ್ ಅಲ್ಲ. ಅಲ್ಲಿ ನಳದವರ ಬಿಳಿ ಟೇಪ್ ಸುತ್ತುವುದರಿಂದ ಪ್ರಯೋಜನವಿಲ್ಲ. ಅದರ ಚೂರುಗಳು ಎಣ್ಣೆಯೊಡನೆ ಸಾಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ.

ಬಿಚ್ಚುವ ಮೊದಲು ಬಕೆಟ್ ಸಂಪೂರ್ಣವಾಗಿ ನೆಲಕ್ಕೆ ಕೂರಬೇಕು. ಎಲ್ಬೋ ಮುರಿದೂ ತೋಳು ಮೇಲೆಯೇ ಸಿಕ್ಕಿಕೊಂಡಿದ್ದರೆ ಗಟ್ಟಿಯಾದ ಆಧಾರ ಕೊಡುವವರೆಗೆ ಯಾರೂ ಅದರ ಕೆಳಗೆ ಹೋಗಕೂಡದು. ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಲೋಡರಿನ ಲಿವರನ್ನು ಎಲ್ಲ ದಿಕ್ಕಿಗೂ ಕೆಲವು ಸಲ ಆಡಿಸಬೇಕು. ಎಂಜಿನ್ ನಿಂತರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಇದನ್ನು ಮರೆಯುವವರೇ ಹೆಚ್ಚು. ತುಂಡು ಸಿಲಿಂಡರಿನೊಳಗೆ ಮುರಿದು ಉಳಿದಿದ್ದರೆ ಚಾಣದಿಂದ ಬಡಿಯಬಾರದು. ಅದಕ್ಕೆಂದೇ ಇರುವ ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಹಾಕಿ ಹೊರಗೆ ತಿರುಗಿಸಬೇಕು. ಕಬ್ಬಿಣದ ಒಂದು ಸಣ್ಣ ಪುಡಿ ಒಳಗೆ ಬಿದ್ದರೂ ಮುಂದೆ ಸೀಲು ಹರಿಯುತ್ತದೆ.

ಹೊಸದನ್ನು ಬಿಗಿಯುವಾಗ ಎರಡು ಪಾನಾ ಬೇಕು: ಒಂದು ಎಲ್ಬೋವನ್ನು ಅಲುಗದಂತೆ ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಹೋಸ್ ಹುರಿಗೊಂಡರೆ ಹೊಸ ಎಲ್ಬೋ ಕೂಡ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಮೊದಲನೆಯದು ಯಾಕೆ ಮುರಿಯಿತೆಂದು ನೋಡದೆ ಹೊಸದನ್ನು ಹಾಕುವುದು ವ್ಯರ್ಥ: ತೋಳು ಎತ್ತಿದಾಗ ಹೋಸ್ ಗಿಡ್ಡವಾಗಿ ಎಳೆಯುತ್ತಿರಬಹುದು, ಅಥವಾ ಎಲ್ಬೋ ಎಲ್ಲಿಯೋ ತಾಗುತ್ತಿರಬಹುದು. ಬಳಿಕ ಎಣ್ಣೆ ತುಂಬಿ, ಖಾಲಿ ಬಕೆಟ್ಟನ್ನು ನಿಧಾನವಾಗಿ ಹಲವು ಸಲ ಏರಿಸಿ ಇಳಿಸಿದರೆ ಸಿಕ್ಕಿದ ಗಾಳಿ ಹೊರಟುಹೋಗುತ್ತದೆ.

ಸೋರಿಕೆ ಇದೆಯೇ ಎಂದು ಬೆರಳಿನಿಂದ ಸವರಿ ನೋಡುವ ರೂಢಿ ಎಲ್ಲ ಕಡೆ ಇದೆ. ಅದೊಂದನ್ನು ಬಿಡಲೇಬೇಕು. ಕೂದಲೆಳೆಯಷ್ಟು ಬಿರುಕಿನಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣುವುದಿಲ್ಲ. ಚರ್ಮವನ್ನು ತೂರಲು ಅದಕ್ಕೆ 7 ಕಿಲೋ ಒತ್ತಡವೇ ಸಾಕು. ದೂರದಿಂದ ರಟ್ಟಿನ ತುಂಡು ಹಿಡಿದು, ಅದರ ಮೇಲೆ ಎಣ್ಣೆಯ ಕಲೆ ಮೂಡುವುದೇ ಎಂದು ನೋಡಬೇಕು. ಎಣ್ಣೆ ಹೊಕ್ಕ ಬೆರಳಿನಲ್ಲಿ ಮೊದಲು ಕಾಣುವುದು ಮುಳ್ಳು ಚುಚ್ಚಿದಂಥ ಗುರುತು, ಅಲ್ಪ ನೋವು. ಕೆಲವು ಗಂಟೆಗಳಲ್ಲಿ ಕೈ ಬಾತು, ಒಳಗಿನ ಮಾಂಸ ಸಾಯತೊಡಗುತ್ತದೆ. ತಡವಾದಷ್ಟೂ ಬೆರಳನ್ನು ಕತ್ತರಿಸಬೇಕಾದ ಸಂಭವ ಹೆಚ್ಚು. ಆಸ್ಪತ್ರೆಯಲ್ಲಿ ‘ಏನೋ ಚುಚ್ಚಿತು’ ಎಂದರೆ ಧನುರ್ವಾಯುವಿನ ಸೂಜಿ ಹಾಕಿ ಕಳುಹಿಸಿಯಾರು. ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆಯೆಂದು ಸ್ಪಷ್ಟವಾಗಿ ಹೇಳಬೇಕು. ವೈದ್ಯರಿಗೆ ಕನ್ನಡ ಬಾರದಿದ್ದರೆ ‘ದಾಬಾನೆ ತೇಲ ಕಾತಡೀತ ಶಿರಲಂ ಆಹೆ’ ಎಂದು ಮರಾಠಿಯಲ್ಲಿ ಹೇಳಿ, ಎಣ್ಣೆಯ ಡಬ್ಬಿಯನ್ನು ಮುಂದಿಟ್ಟು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರನ್ನು ಕೇಳಬೇಕು.