ಹೊಟ್ಟೆಗೆ ಟ್ಯೂಬು ಹಾಕಿಸಿದರೆ ಮುಗೀತಾ? ಅಸಲಿ ಕೆಲಸ ಶುರುವಾಗೋದೇ ಮನೇಲಿ!

ಲಕ್ವ ಹೊಡೆದ ಹಿರಿಯರು, ಗಂಟಲ ಕ್ಯಾನ್ಸರಿನವರು, ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು. ಇವರಲ್ಲಿ ಎಷ್ಟೋ ಜನರ ಹೊಟ್ಟೆ ಗಟ್ಟಿಯಾಗೇ ಇರುತ್ತದೆ. ಕೆಟ್ಟಿರೋದು ನುಂಗುವ ದಾರಿ. ಆಸ್ಪತ್ರೆಯಲ್ಲಿ ಮೂಗಿನಿಂದ ರೈಲ್ಸ್ ಟ್ಯೂಬ್ ಇಳಿಸಿ, ಸಿರಿಂಜಿನಲ್ಲಿ ಹಾಲು, ಗಂಜಿ ಬಿಟ್ಟು ಜೀವ ಹಿಡಿದಿಡುತ್ತಾರೆ. ಆಮೇಲೆ ಅದೇ ಟ್ಯೂಬಿನ ಸಮೇತ ಡಿಸ್ಚಾರ್ಜ್!

ಈ ಮೂಗಿನ ಟ್ಯೂಬು ಕೆಲವು ವಾರದ ನೆಂಟ, ಅಷ್ಟೇ. ನಾಲ್ಕರಿಂದ ಆರು ವಾರ ದಾಟಿಯೂ ನುಂಗಲಾಗದು ಎನ್ನುವಂತಿದ್ದರೆ ಹೊಟ್ಟೆಗೇ ನೇರ ಟ್ಯೂಬು ಹಾಕಿಸೋದನ್ನು ಯೋಚಿಸಿ ಅಂತಾರೆ ವೈದ್ಯರು. ಆದರೆ ಎಷ್ಟೋ ಮನೆಗಳಲ್ಲಿ ಬರುವ ಉತ್ತರ ಒಂದೇ: 'ಅಯ್ಯೋ, ಹೊಟ್ಟೆಗೆ ತೂತಾ? ಬೇಡಪ್ಪ.' ಅಲ್ಲಿಂದ ತಿಂಗಳುಗಟ್ಟಲೆ ಮೂಗು ಹುಣ್ಣಾಗುತ್ತದೆ, ಕೆಮ್ಮಿದರೆ ಟ್ಯೂಬು ಜಾರುತ್ತದೆ, ರೋಗಿಯೇ ಕಿತ್ತು ಹಾಕುತ್ತಾನೆ. ಜಾರಿದ್ದು ಗೊತ್ತಾಗದೆ ಗಂಜಿ ಬಿಟ್ಟರೆ ಅದು ಶ್ವಾಸಕೋಶಕ್ಕೂ ಹೋದೀತು.

ಈ 'ಪೆಗ್' ಬೇರೆ

ಹೊಟ್ಟೆಯ ಟ್ಯೂಬಿಗೆ ಆಸ್ಪತ್ರೆಯಲ್ಲಿ 'ಪೆಗ್' ಅಂತಾರೆ. ಬಾರಿನ ಪೆಗ್ಗಿಗೂ ಇದಕ್ಕೂ ಸಂಬಂಧವಿಲ್ಲ! ಮೊದಲು ಇದಕ್ಕೆ ಹೊಟ್ಟೆಯನ್ನೇ ಕೊಯ್ಯಬೇಕಿತ್ತು. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಗೌಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಒಂದು ಹಸುಗೂಸಿಗೆ ಕೊಯ್ಯದೆಯೇ ಟ್ಯೂಬು ಹಾಕಿ ತೋರಿಸಿದರು.

ಹೇಗೆ ಗೊತ್ತೆ? ಬಾಯಿಂದ ಎಂಡೋಸ್ಕೋಪು ಇಳಿಸುತ್ತಾರೆ. ಅದರ ಬೆಳಕು ಹೊಟ್ಟೆಯ ಚರ್ಮದ ಮೇಲೆ ಕಾಣುವ ಜಾಗದಲ್ಲಿ ಸೂಜಿ ಚುಚ್ಚಿ, ದಾರ ಬಿಟ್ಟು, ಬಾಯಿಂದ ಹೊರಗೆಳೆದು, ಅದಕ್ಕೆ ಟ್ಯೂಬು ಕಟ್ಟಿ, ಪೈಜಾಮಕ್ಕೆ ಲಾಡಿ ಎಳೆದ ಹಾಗೆ ಹೊಟ್ಟೆಯಿಂದ ಈಚೆ ಎಳೆಯುತ್ತಾರೆ. ಒಳಗೊಂದು ಬಿಲ್ಲೆ, ಹೊರಗೊಂದು ಬಿಲ್ಲೆ. ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ. ಗುಟ್ಕಾ ಜಗಿದು ಜಗಿದು ಬಾಯಿಯೇ ತೆರೆಯದವರಿಗೆ ಮಾತ್ರ ಬೇರೆ ದಾರಿ ನೋಡಬೇಕು.

ತೊಂದರೆ ಇಲ್ಲವೆ?

ಇದೆ. ಹೆಚ್ಚಾಗಿ ಕಾಣೋದು ತೂತಿನ ಸುತ್ತ ಕೆಂಪು, ಕೀವು, ಸೋರಿಕೆ. ದಿನಾ ತೊಳೆದು ಒಣಗಿಸಿಟ್ಟರೆ ಎಷ್ಟೋ ವಾಸಿ. ರಕ್ತಸ್ರಾವ, ಕರುಳಿಗೆ ಪೆಟ್ಟು ಅಪರೂಪ, ಆದರೆ ಆಗೋದುಂಟು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು.

ಹೊರಗಿನ ಬಿಲ್ಲೆಯನ್ನು ಬಿಗಿಯಾಗಿ ಅದುಮಿಟ್ಟರೆ ಒಳಗಿನ ಬಿಲ್ಲೆ ಜಠರದ ಗೋಡೆಯಲ್ಲೇ ಹೂತುಹೋಗುತ್ತದೆ. ಗಾಯ ಮಾಗಿದ ಮೇಲೆ ಸುಮಾರು ಒಂದು ಸೆಂಟಿಮೀಟರ್ ಸಡಿಲ ಇರಬೇಕು. ವಾರಕ್ಕೊಮ್ಮೆ ಟ್ಯೂಬನ್ನು ಸ್ವಲ್ಪ ಒಳತಳ್ಳಿ ತಿರುಗಿಸೋದನ್ನು ಡಾಕ್ಟರಿಂದಲೇ ಕಲಿತುಕೊಳ್ಳಬೇಕು.

ಇನ್ನು ಟ್ಯೂಬು ಕಟ್ಟಿಕೊಳ್ಳೋದು. ಸೋಸದ ರಾಗಿ ಗಂಜಿ, ಪುಡಿಯಾಗದ ಮಾತ್ರೆಯ ಚೂರು, ಇವೇ ಕಳ್ಳರು. ಊಟಕ್ಕೆ ಮೊದಲೂ ಆಮೇಲೂ ಸುಮಾರು 30 ಎಂ.ಎಲ್. ನೀರು ಬಿಡಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳನ್ನು ಕುಟ್ಟಲೇಬಾರದು, ಬದಲಿ ಔಷಧಿ ಕೇಳಬೇಕು.

ಪೆಗ್ ಇದ್ದರೂ ಆಹಾರ ಮೇಲೆ ಉಕ್ಕಿ ಶ್ವಾಸಕೋಶ ಸೇರುವ ಭಯ ತಪ್ಪಿದ್ದಲ್ಲ. ಮಲಗಿಸಿ ಗಂಜಿ ಬಿಡಬೇಡಿ. ತಲೆದಿಂಬು ಏರಿಸಿ, ಊಟವಾಗಿ ಒಂದು ಗಂಟೆ ಹಾಗೇ ಒರಗಿಸಿಡಿ.

ಕಿತ್ತು ಬಂದರೆ ಓಡಿ!

ಇದನ್ನು ಮಾತ್ರ ಮನೆಯ ಎಲ್ಲರೂ ಕೇಳಬೇಕು. ಹಾಕಿಸಿದ ಮೊದಲ ತಿಂಗಳೊಳಗೆ ಟ್ಯೂಬು ಕಿತ್ತು ಬಂದರೆ ನೀವೇ ಒಳಗೆ ತುರುಕಬೇಡಿ. ತೂತಿನ ದಾರಿ ಇನ್ನೂ ಗಟ್ಟಿಯಾಗಿರೋದಿಲ್ಲ. ಟ್ಯೂಬು ಜಠರ ತಪ್ಪಿ ಹೊಟ್ಟೆಯ ಪೊಳ್ಳಿಗೆ ಹೋಗಿ, ಅದರಲ್ಲಿ ಗಂಜಿ ಬಿಟ್ಟರೆ ಜೀವಕ್ಕೇ ಸಂಚಕಾರ. ಹಳೇ ಟ್ಯೂಬಾದರೂ ತೂತು ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳತೊಡಗುತ್ತದೆ. 'ನಾಳೆ ಬೆಳಿಗ್ಗೆ ಹೋದರಾಯ್ತು' ಅನ್ನುವಂತಿಲ್ಲ. ಶುದ್ಧ ಬಟ್ಟೆ ಮುಚ್ಚಿ, ಕಿತ್ತುಬಂದ ಟ್ಯೂಬನ್ನೂ ಹಿಡಿದು ಹೊರಡಿ. ಗಂಜಿ ಬಿಡುವಾಗ ಜೋರು ಹೊಟ್ಟೆನೋವು, ಜ್ವರ, ಹೊಟ್ಟೆ ಕಲ್ಲಾಗೋದು ಕಂಡರೂ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ.

ಎಲ್ಲರಿಗೂ ಬೇಕಿಲ್ಲ

ಮರೆವಿನ ರೋಗ ಕೊನೆಯ ಹಂತಕ್ಕೆ ಬಂದ ವೃದ್ಧರಿಗೆ ಟ್ಯೂಬು ಬೇಡ, ಕೈತುತ್ತೇ ಲೇಸು ಎಂದು ಅಮೆರಿಕದ ವೃದ್ಧರ ವೈದ್ಯರ ಸಂಘ 2014ರಲ್ಲೇ ಹೇಳಿದೆ. ಟ್ಯೂಬಿನಿಂದ ಅವರ ಆಯುಸ್ಸು ಹೆಚ್ಚಿದ ಪುರಾವೆ ಇಲ್ಲ. ಅಜ್ಜಿಗೆ ತಾಳ್ಮೆಯಿಂದ ಚಮಚದಲ್ಲಿ ಉಣಿಸಿದರೆ 'ಉಪವಾಸ ಕೆಡವಿದರು' ಎಂದು ನೆಂಟರು ಆಡಿಕೊಳ್ಳಬೇಕಿಲ್ಲ.

ಇಷ್ಟೆಲ್ಲ ತಿಳಿಯದೆ ಮಗಳೋ ಸೊಸೆಯೋ ಮನೆಯಲ್ಲಿ ಒಬ್ಬಳೇ ಸಿರಿಂಜು ಹಿಡಿದು ಕೂತರೆ ಪಾಪ, ಅವಳ ತಪ್ಪೇನು? ಟ್ಯೂಬಿನ ಬಿಲ್ಲು ಕೊಡುವ ಆಸ್ಪತ್ರೆ ಅದರ ಪಾಠವನ್ನೂ ಕೊಡಲಿ. ನರ್ಸಮ್ಮನ ಮುಂದೆ ಒಂದು ಸಲ ನೀವೇ ಗಂಜಿ ಬಿಟ್ಟು ತೋರಿಸಿ, ರಾತ್ರಿ ಹೊತ್ತು ಯಾರಿಗೆ ಫೋನ್ ಮಾಡಬೇಕು ಅಂತ ಬರೆಸಿಕೊಳ್ಳಿ. ಡಿಸ್ಚಾರ್ಜ್ ಚೀಟಿ ಆಮೇಲೆ ಕೇಳಿ.